ಹೆಣ್ತನದ ಅಭಿಮಾನವೂ ಅನ್ಯಾಯದ ಅರಿವೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮನೆಗಳಲ್ಲಿ ಬೆಳೆಯುವ ಹೆಣ್ಣುಮಗಳ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತು ‘ನೀನು ಹೆಣ್ಣು’ ಎಂಬದು. ಹಾಗೆನ್ನುವವರು ಬಹುತರವಾಗಿ ತಾಯಿ, ಅಜ್ಜಿ, ಅತ್ತೆಯರೇ. ಹೆಣ್ಣಿಗಾಗುವ ತಾರತಮ್ಯವನ್ನು ಹೆಣ್ಣೇ ಏಕೆ ಕಾಯ್ದುಕೊಂಡು ಬರುವಳೆಂಬದು ವಿಚಾರಾರ್ಹವಾದ ಪ್ರಶ್ನೆಯು.

ಆಕೆ ತನ್ನ ಹೆಣ್ತನವನ್ನು ಹೇಗೆ ತಿಳಿದಿರುವಳೆಂಬದರಲ್ಲಿಯೇ ಇದರ ಉತ್ತರವುಂಟು. ತಗ್ಗಿ ನಡೆಯುವದು, ಎಲ್ಲರೂ ಉಂಡ ಮೇಲೆ ಉಣ್ಣುವದು, ಇದೇ ಹೆಣ್ತನವೆಂದು ನಂಬಿದವಳಿಗೆ ಆ ಕಟ್ಟಳೆಯೇ ಮಾನವಾಗುವದು. ಅದನ್ನು ಪ್ರಶ್ನಿಸಿದವರು ಅವಳ ಮಾನವನ್ನೇ ಕೆಣಕಿದಂತಾಗುವದು. ಹೆಣ್ಣು ಕೋಮಲೆ, ಕಾಪಾಡತಕ್ಕವಳು ಎಂಬ ಸ್ತುತಿಯಂತೂ ಅದೇ ಕಟ್ಟಳೆಗೆ ಹೊದಿಸಿದ ಜರಿಯ ಸೆರಗು. ಬೈಗುಳದ ನೋವು ಕೂಡಲೇ ತಿಳಿಯುವದು. ಹೊಗಳಿಕೆಯೊಳಗಿನ ಕಟ್ಟು ತಿಳಿಯುವದು ತಡ. ಆದರೆ ತನಗೊದಗಿದ್ದು ತನ್ನೊಬ್ಬಳ ಹಣೆಬರಹವಲ್ಲ, ಹೆಣ್ಣುಕುಲಕ್ಕೆಲ್ಲ ಆದ ಅನ್ಯಾಯವೆಂದು ಬಗೆದವಳಿಗೆ ಅದೇ ಹೆಣ್ತನವು ಕಣ್ಣು ತೆರೆಸುವದು.

ಶರಣರ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅಕ್ಕ ನಾಗಮ್ಮನಿಗಿಲ್ಲದ ಉಪನಯನವು ತನಗೂ ಬೇಡವೆಂದು ಬಾಲಕ ಬಸವಣ್ಣನವರು ಬಾಗೇವಾಡಿಯಲ್ಲಿ ನಿರಾಕರಿಸಿದರೆಂಬದು ಪ್ರಸಿದ್ಧವಾದ ಐತಿಹ್ಯ. ಆಯ್ದಕ್ಕಿ ಲಕ್ಕಮ್ಮ ಪತ್ನಿಯಾಗಿದ್ದುಕೊಂಡೇ, ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನನ್ನು ತಿದ್ದಿದಳು. ಸತ್ಯಕ್ಕನು ಮೈಯ ಗುರುತುಗಳಿಂದ ಹೆಣ್ಣು ಗಂಡೆಂದು ಅಳೆಯುವದನ್ನು ಲೋಕದ ರೂಢಿಯೆಂದಳು. ಹೆಣ್ತನವನ್ನು ಬಿಡದೆಯೂ ಕೀಳರಿಮೆಯನ್ನು ಬಿಡಬಹುದೆಂಬದು ಇವರಿಂದ ಸಿದ್ಧವಾಯಿತು.

ಆಚಾರದಲ್ಲಿಯೂ ಹೀಗೆಯೇ. ಇಷ್ಟಲಿಂಗವು ಗಂಡಿಗೆಂತೋ ಹೆಣ್ಣಿಗೂ ಅಂತೆಯೇ, ರಜಸ್ಸೂತಕವು ಲಿಂಗವಂತರಿಗಿಲ್ಲ. ಹೀಗಿರಲು, ಎದೆಯ ಮೇಲೆ ಲಿಂಗವನ್ನು ಧರಿಸಿದವಳು ತಿಂಗಳ ಮೂರು ದಿನ ತಾನು ಮೈಲಿಗೆಯೆಂದು ದೂರ ಕೂಡುವದು ಯಾವ ಧರ್ಮ?

ವ್ಯವಹಾರದಲ್ಲಿ ಈ ಪರೀಕ್ಷೆಯು ಇನ್ನೂ ಕಠಿಣವಾದುದು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿತು. ಆದರೂ ತವರು ಮುನಿದೀತೆಂದು ಹಕ್ಕುಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಅಕ್ಕತಂಗಿಯರುಂಟು. ಪಾಲು ಕೇಳಿದವಳನ್ನು ‘ಇವಳೆಂಥ ಹೆಣ್ಣು’ ಎಂದು ಮೊದಲು ಹಳಿಯುವವರೂ ಹೆಂಗಸರೇ. ಅಣ್ಣತಮ್ಮಂದಿರ ಪ್ರೀತಿಯು ಸಹಿಯ ಬೆಲೆಗೆ ದೊರೆಯತಕ್ಕದ್ದಾದರೆ ಅದು ಪ್ರೀತಿಯಲ್ಲ, ವ್ಯಾಪಾರ.

ಈ ಜಿಲ್ಲೆಯ ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಇಂದು ಅಕ್ಕಮಹಾದೇವಿಯ ಹೆಸರಿದೆ. ವಿದ್ಯೆಯು ಬಾಗಿಲು ತೆರೆಯಬಲ್ಲದು. ಒಳಗೆ ಕಾಲಿಡುವ ಧೈರ್ಯವು ಮನೆಯಲ್ಲಿಯೇ ಹುಟ್ಟಬೇಕು. ತಾಯಂದಿರು ಮಗಳಿಗೆ ಹೆಣ್ತನವನ್ನು ಅಂಜಿಕೆಯಾಗಿ ಕಲಿಸದೆ ಅರಿವಾಗಿ ಕಲಿಸಲಿ. ತಂದೆಯರು ಆ ಅರಿವಿಗೆ ಅಡ್ಡ ಬಾರದಿರಲಿ.