ಸದ್ದು ಬಾರದ ಬೋರ್ಡ್
(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣ)



ನೀವೇ ಸೋಲ್ಡರ್ ಮಾಡಿದ ಸಿಂಥಸೈಸರ್ ಮಾಡ್ಯೂಲಿಗೆ ವಿದ್ಯುತ್ ಕೊಟ್ಟಿರಿ, ಸದ್ದಿಲ್ಲ. ಆಗ ನಮ್ಮ ಹುಡುಗರು ಮಾಡುವ ಮೊದಲ ಕೆಲಸ ಐ.ಸಿ. ಕಿತ್ತು ಹೊಸದು ಹಾಕುವುದು. ಆಗಲಿಲ್ಲವೆಂದರೆ ಇನ್ನೊಂದು. ಮೂರನೆಯ ಸಲಕ್ಕೆ ಬಿಸಿಯ ಹೊಡೆತಕ್ಕೆ ತಾಮ್ರದ ಟ್ರ್ಯಾಕೇ ಎದ್ದುಬರುತ್ತದೆ. ಒಂದು ದೋಷ ಹೋಗಿ ಎರಡಾಯಿತು! ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಾದಾಗ 'ಎಲೆಕ್ಟ್ರಾನಿಕ್ಸ್ ನನಗೆ ಹೇಳಿ ಮಾಡಿಸಿದ್ದಲ್ಲ' ಎಂದು ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ಹುಡುಕುವ ಕ್ರಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ವಿದ್ಯುತ್ ತೆಗೆದು, ಭೂತಗನ್ನಡಿ ಹಿಡಿದು ನೋಡಿ. ಕಾಲಿನ ಸುತ್ತ ಉಂಗುರದಂತೆ ಬಿರುಕು ಬಿಟ್ಟ ಸೋಲ್ಡರ್, ಎರಡು ಕಾಲುಗಳನ್ನು ಕೂಡಿಸಿದ ಹನಿ, ತಿರುಗಾಮುರುಗಾ ಕೂತ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇವನ್ನು ಹುಡುಕಿ. ಕಂದು-ಕಪ್ಪು-ಕೆಂಪು ರೆಸಿಸ್ಟರ್ 1 ಕಿಲೋ ಓಮ್, ಕಂದು-ಕಪ್ಪು-ಕಿತ್ತಳೆ 10 ಕಿಲೋ ಓಮ್. ಮಂದ ಬೆಳಕಿನಲ್ಲಿ ಕಣ್ಣು ಮೋಸಹೋಗುತ್ತದೆ, ಮೀಟರ್ ಹಿಡಿಯಿರಿ. ಬೋರ್ಡಿನ ಮೇಲೆಯೇ ಅಳೆದರೆ ಕಡಿಮೆ ತೋರಿಸುವುದುಂಟು. ಹೆಚ್ಚು ತೋರಿಸಿದರೆ ಅನುಮಾನಪಡಿ.

ಮುಂದಿನದು ವಿದ್ಯುತ್. ಜರ್ಮನಿಯ ಡೋಪ್ಫರ್ ಸಂಸ್ಥೆ 1990ರ ದಶಕದಲ್ಲಿ ತಂದ ಯೂರೋರ್ಯಾಕ್ ಪದ್ಧತಿಯಲ್ಲಿ +12, -12 ವೋಲ್ಟ್ ಎರಡೂ ಬೇಕು. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ -12ರ ಕಡೆಗೆ. ಕೆಂಪೆಂದರೆ ಪ್ಲಸ್ ಎಂದು ಕಲಿತ ನಮಗಿದು ಒಳ್ಳೆಯ ಬಲೆ!

ಟಿಎಲ್072 ಐ.ಸಿ.ಯಲ್ಲಿ 8ನೇ ಕಾಲಿಗೆ ಸುಮಾರು +12, 4ನೇ ಕಾಲಿಗೆ ಸುಮಾರು -12 ಬಂದಿದೆಯೇ ನೋಡಿ. ಬಂದಿದ್ದರೆ 2 ಮತ್ತು 3ನೇ ಕಾಲುಗಳನ್ನು ಅಳೆಯಿರಿ. ಆಂಪ್ಲಿಫೈಯರಾಗಿ ಬಳಸಿದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲದೆ, 1ನೇ ಕಾಲು ಮೇಲ್ತುದಿಗೋ ಕೆಳತುದಿಗೋ ಅಂಟಿಕೊಂಡಿದ್ದರೆ ಐ.ಸಿ.ಯನ್ನು ದೂರಲು ಅವಸರ ಬೇಡ. 2ಕ್ಕಿಂತ 3 ಹೆಚ್ಚಿದ್ದು 1 ಮೇಲೆ ಹೋಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. 1ರಿಂದ 2ಕ್ಕೆ ಹಿಂತಿರುಗುವ ರೆಸಿಸ್ಟರ್ ಎಲ್ಲೋ ಬಿಟ್ಟುಕೊಂಡಿದೆ. ಇದಕ್ಕೆ ವಿರುದ್ಧವಾಗಿದ್ದರೆ, ಹೊರಗೆ ಶಾರ್ಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಐ.ಸಿ. ಬದಲಿಸಿ.

9ನೇ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಾನೇ ನುಡಿಯುವ ವಾದ್ಯವನ್ನು ವಿವರಿಸಿದ್ದರು. ಅದರ ನೀರು ಎಲ್ಲಿ ನಿಂತಿತೆಂದು ಅವರೂ ಹುಡುಕಿರಬೇಕು.

ನೀವು ಅಳೆದುದನ್ನೆಲ್ಲ ನಕ್ಷೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಸಹಾಯ ಕೇಳಲು ಬರುವಾಗ ಬೋರ್ಡಿನ ಜೊತೆ ಆ ನಕ್ಷೆಯನ್ನೂ ತನ್ನಿ.