ಟಾಲ್ ಬಿಟ್ಟುಕೊಟ್ಟ ಕುದುರೆ

ಪಕ್ಕದ ಮನೆಯ ಹುಡುಗ ಮೊನ್ನೆ ಫೋನಿನಲ್ಲಿ ಹಳೆಯದೊಂದು ಚೆಸ್ ಆಟ ನೋಡುತ್ತಿದ್ದ. ಕಪ್ಪು ಕುದುರೆ ನೇರವಾಗಿ ಬಿಳಿ ಕಾಲಾಳಿನ ಬಾಯಿಗೇ ಹೋಗಿ ಕೂತಿತು. ಯಾರ ಕೈ ಮೇಲಿದೆ ಎಂಬ ಕಂಪ್ಯೂಟರಿನ ಲೆಕ್ಕ ತೋರಿಸುವ, ಪಕ್ಕದಲ್ಲಿದ್ದ ಕಪ್ಪು ಬಿಳುಪಿನ ಪಟ್ಟಿ ತಕ್ಷಣ ಬಿಳಿಯ ಕಡೆಗೆ ವಾಲಿತು. "ಟಾಲ್ ಇಲ್ಲಿ ತಪ್ಪಿದ, ಅಂಕಲ್" ಎಂದು ತೀರ್ಪು ಕೊಟ್ಟು ಅವನು ಮುಂದಿನ ನಡೆಗೆ ಹೋದ. ನನಗೆ ಅಷ್ಟು ಸುಲಭಕ್ಕೆ ಮುಂದೆ ಹೋಗಲಾಗಲಿಲ್ಲ.

1960ರಲ್ಲಿ ಮಾಸ್ಕೋದಲ್ಲಿ ವಿಶ್ವ ಪಟ್ಟಕ್ಕಾಗಿ ನಡೆದ ಪಂದ್ಯದ ಆರನೇ ಆಟ ಅದು. ಬಿಳಿ ಕಾಯಿ ಚಾಂಪಿಯನ್ ಮಿಖಾಯಿಲ್ ಬೊಟ್ವಿನ್ನಿಕ್ ಅವರದು; 48 ವರ್ಷ, ಎಲೆಕ್ಟ್ರಿಕಲ್ ಎಂಜಿನಿಯರ್, ಲೆಕ್ಕ ಹಾಕದೆ ಕಾಯಿ ಮುಟ್ಟದ ಮನುಷ್ಯ. ಎದುರಿಗೆ ರೀಗಾದ 23ರ ತರುಣ ಮಿಖಾಯಿಲ್ ಟಾಲ್. 21ನೇ ನಡೆಗೆ ಟಾಲ್ ಕುದುರೆಯನ್ನು ಸುಮ್ಮನೆ ಬಿಟ್ಟುಕೊಟ್ಟರು. ಪ್ರೇಕ್ಷಕರ ಗದ್ದಲ ಎಷ್ಟಾಯಿತೆಂದರೆ, ಆಟಗಾರರಿಬ್ಬರನ್ನೂ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಆಡಿಸಬೇಕಾಯಿತಂತೆ.

ಆ ಬಲಿ ಗಟ್ಟಿಯದಲ್ಲ ಅನ್ನುವುದು ಕಂಪ್ಯೂಟರ್ ಬಯಲು ಮಾಡಿದ ಗುಟ್ಟೇನಲ್ಲ. ಗ್ರಾಂಡ್‌ಮಾಸ್ಟರ್ ಸಾಲೊ ಫ್ಲೋರ್ ಆಗಲೇ ಅದರ ತೂತು ತೋರಿಸಿದ್ದರು. 25ನೇ ನಡೆಯಲ್ಲಿ, ನುಗ್ಗಿ ಬಂದ ಕಪ್ಪು ಕಾಲಾಳನ್ನು ಒಂಟೆಯಿಂದ ಹೊಡೆಯಬೇಕು. ಮತ್ತೆರಡು ನಡೆಗೆ ಅದೇ ಒಂಟೆಯನ್ನು ಮಣೆಯ ನಡುವಿಗೆ ತರಬೇಕು. ಆದರೆ ಬೊಟ್ವಿನ್ನಿಕ್ ಮಂತ್ರಿಗೆ ಮಂತ್ರಿ ಹೊಡೆದುಕೊಂಡರು, ಆಟ ಕೈಬಿಟ್ಟಿತು. 40 ನಡೆಗೆ ಎರಡೂವರೆ ಗಂಟೆ ಸಮಯ. ಗಡಿಯಾರ ಓಡುತ್ತಿರುವಾಗ ಆ ಒಂಟೆಯ ದಾರಿ ಕಾಣುವುದು ಎಷ್ಟು ಜನಕ್ಕೆ ಸಾಧ್ಯ?

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಗೆದ್ದವರ ಪ್ರತಿ ನಡೆಗೂ ಮೆಚ್ಚುಗೆಯ ಆಶ್ಚರ್ಯಸೂಚಕ ಚಿಹ್ನೆ ಹಾಕುವ ಚಾಳಿ ಹಳೆಯ ಚೆಸ್ ಪುಸ್ತಕಗಳಿಗಿತ್ತು. ಅವುಗಳಲ್ಲಿ ಎಷ್ಟೋ ಈಗ ಉದುರಿವೆ, ಉದುರಬೇಕಾದವೇ. ಆದರೆ ಯಂತ್ರ ಒಂದು ನಡೆಗೆ ಬೆಲೆ ಕಟ್ಟುವಾಗ, ಎದುರಾಳಿಯೂ ತನ್ನಷ್ಟೇ ಬಲ್ಲವನು ಎಂದುಕೊಂಡೇ ಕಟ್ಟುತ್ತದೆ. ಟಾಲ್ ಎದುರು ಕೂತಿದ್ದವರು ಬೊಟ್ವಿನ್ನಿಕ್. ಎಲ್ಲವೂ ಅಳತೆಗೆ ಸಿಕ್ಕಾಗ ಅವರನ್ನು ಸೋಲಿಸುವುದು ಬಲು ಕಷ್ಟ. ಅಳತೆಗೆ ಸಿಗದ ಗೋಜಲನ್ನೇ ಟಾಲ್ ಅವರ ಮುಂದೆ ಇಟ್ಟರು. ಇದನ್ನು ತಪ್ಪು ಅನ್ನಬೇಕೋ, ಎದುರಿಗಿದ್ದವರನ್ನು ಓದಿದ ಜಾಣತನ ಅನ್ನಬೇಕೋ, ನಾನಂತೂ ಇನ್ನೂ ತೀರ್ಮಾನಿಸಿಲ್ಲ. ತಮಾಷೆ ನೋಡಿ, ಇದೇ ಬೊಟ್ವಿನ್ನಿಕ್ ಮುಂದೆ ಮನುಷ್ಯನ ಹಾಗೆ ಯೋಚಿಸಿ ಚೆಸ್ ಆಡುವ 'ಪಯನೀರ್' ಎಂಬ ಪ್ರೋಗ್ರಾಂ ಕಟ್ಟಲು ವರ್ಷಗಟ್ಟಲೆ ದುಡಿದರು.

ಪಂದ್ಯವನ್ನು ಟಾಲ್ ಹನ್ನೆರಡೂವರೆ–ಎಂಟೂವರೆ ಅಂಕಗಳಿಂದ ಗೆದ್ದರು. ಮರುವರ್ಷ ಬೊಟ್ವಿನ್ನಿಕ್ ಪಟ್ಟವನ್ನು ವಾಪಸು ಪಡೆದರು.

ಮನೆಯಲ್ಲಿ ಚೆಸ್ ಕಲಿಯುವ ಮಕ್ಕಳಿದ್ದರೆ, ಈ ಆಟವನ್ನು ಒಮ್ಮೆ ಮಣೆಯ ಮೇಲೆ ಆಡಿಸಿ. 21ನೇ ನಡೆ ಬಂದಾಗ ಬಿಳಿ ಕಾಯಿಗಳ ಕಡೆಗೆ ಕೂರಿಸಿ, ಗಡಿಯಾರ ಇಟ್ಟು, "ಈಗ ನೀನು ಏನು ಮಾಡುತ್ತೀಯ?" ಎಂದು ಕೇಳಿ. ಕಂಪ್ಯೂಟರಿನ ಅಭಿಪ್ರಾಯ ಆಮೇಲೆ ಕೇಳಿದರಾಯಿತು.