ಊಟ ಬಿಟ್ಟ ಮಗುವನ್ನು ಮತ್ತೆ ಊಟಕ್ಕೆ ತರುವ ಬಗೆ

(ಚನ್ನಪಟ್ಟಣ ತಾಲ್ಲೂಕು ವಿರೂಪಾಕ್ಷಿಪುರದಲ್ಲಿ ರೇಷ್ಮೆ ಬೆಳೆಗಾರ ಕುಟುಂಬಗಳ ಮುಂದೆ ಮಾಡಿದ ಭಾಷಣ)



ರೇಷ್ಮೆ ಸಾಕುವವರಿಗೆ ಹುಳು ಮೇವು ಬಿಡುವ ಸಂಗತಿ ಹೊಸದಲ್ಲ. ಚಾಕಿಯಿಂದ ಹಣ್ಣಾಗುವವರೆಗೆ ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆಯೆತ್ತಿ ಅಲುಗಾಡದೆ ನಿಲ್ಲುತ್ತದೆ, ಎಳೆ ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ಆಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಗಾಳಿಯಾಡುವಂತೆ ಬಿಟ್ಟು ಕಾಯಬೇಕು. ಒಂದು ಒಂದೂವರೆ ದಿನದಲ್ಲಿ ಪೊರೆ ಕಳಚಿ ತಾನಾಗಿಯೇ ಏಳುತ್ತದೆ.

ಹದಿಮೂರು ಹದಿನಾಲ್ಕರ ಮಗಳು ಊಟ ಬಿಟ್ಟಾಗಲೂ ಮನೆಯ ಹಿರಿಯರು ಹೀಗೆಯೇ ಕಾಯುವುದುಂಟು. "ವಯಸ್ಸಿನ ಗುಣ, ಹೊಟ್ಟೆ ಹಸಿದರೆ ತಾನೇ ಬರ್ತಾಳೆ ಬಿಡು" ಎನ್ನುತ್ತಾರೆ. ಒಂದೆರಡು ಹೊತ್ತಿನ ಮುನಿಸಿಗೆ ಈ ಮಾತು ಸರಿ. ಆದರೆ ಊಟ ಬಿಡುವ ಕಾಯಿಲೆ ಎಂಬುದೊಂದಿದೆ. ಅದರಲ್ಲಿ ಕಾದಷ್ಟೂ ಮಗು ಕೈತಪ್ಪಿ ಹೋಗುತ್ತದೆ.

ಇದು ಹೇಗೆ ಕಾಣಿಸಿಕೊಳ್ಳುತ್ತದೆ? ಮುದ್ದೆ ದಿನದಿಂದ ದಿನಕ್ಕೆ ಚಿಕ್ಕದಾಗಿ ನಿಂಬೆಹಣ್ಣಿನಷ್ಟಕ್ಕೆ ಇಳಿಯುತ್ತದೆ. "ಶಾಲೆಯಲ್ಲೇ ತಿಂದೆ" ಎಂಬ ಉತ್ತರ ಬರುತ್ತದೆ. ಎಲ್ಲರ ಜೊತೆ ಕೂರದೆ ಒಬ್ಬಳೇ ತಟ್ಟೆ ತೆಗೆದುಕೊಂಡು ಹೋಗುತ್ತಾಳೆ. ತಿಂದ ಕೂಡಲೇ ಬಚ್ಚಲಿಗೆ ಹೋಗುವವರೂ ಇದ್ದಾರೆ. ಮುಟ್ಟು ನಿಲ್ಲುತ್ತದೆ, ಕೈಕಾಲು ತಣ್ಣಗಿರುತ್ತವೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಗಂಡು ಮಕ್ಕಳಿಗೂ ಇದು ಬರುತ್ತದೆ. ಬೇಗ ಗುರುತಿಗೆ ಸಿಗುವುದಿಲ್ಲ, ಅಷ್ಟೆ.

ದಪ್ಪಗಾಗುವ ಭಯವೇ ಇದರ ಮೂಲ ಎಂದು ಪಾಶ್ಚಾತ್ಯ ಪುಸ್ತಕಗಳು ಬಹುಕಾಲ ಹೇಳಿದವು. ನಮ್ಮ ಕಡೆಯ ಮಕ್ಕಳು ಹಲವು ವೇಳೆ ಆ ಮಾತೇ ಎತ್ತುವುದಿಲ್ಲ. ಹೊಟ್ಟೆ ನೋವು, ಹೊಟ್ಟೆ ಉಬ್ಬರ, ಹಸಿವಿಲ್ಲ, ತಿಂದರೆ ವಾಂತಿ ಎನ್ನುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಿಂದ 2007ರಲ್ಲಿ ಪ್ರಕಟವಾದ ಮಕ್ಕಳ ಅಧ್ಯಯನದಲ್ಲಿ ಇಂಥವರ ಪೈಕಿ ಹೆಚ್ಚಿನವರಿಗೆ ಇದ್ದದ್ದು ಮನಸ್ಸಿನ ಕಾರಣದ ವಾಂತಿ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ ಕ್ಷಯ, ಥೈರಾಯಿಡ್ ತೊಂದರೆ, ಸಕ್ಕರೆ ಕಾಯಿಲೆ, ಕರುಳಿನ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ದೃಷ್ಟಿ ತೆಗೆಸುವುದು, ತಾಯಿತ ಕಟ್ಟಿಸುವುದು ಮನೆಯವರ ಸಮಾಧಾನಕ್ಕೆ ಇರಲಿ. ಅದರಿಂದ ಆಸ್ಪತ್ರೆಗೆ ಹೋಗುವುದು ಒಂದು ದಿನವೂ ತಡವಾಗಬಾರದು.

ಹೆತ್ತವರನ್ನು ಹೆಚ್ಚು ನೋಯಿಸುವುದು ಮಗುವಿನ ಸ್ವಭಾವ ಬದಲಾಗುವುದು. ನಗುನಗುತ್ತಾ ಇದ್ದವಳು ಸಿಡುಕುತ್ತಾಳೆ, ಸುಳ್ಳು ಹೇಳುತ್ತಾಳೆ, ತಾನು ಉಣ್ಣದೆ ಬೇರೆಯವರಿಗೆಲ್ಲ ಅಡಿಗೆ ಮಾಡಿ ಬಡಿಸುತ್ತಾಳೆ. ಇದನ್ನು ಹಟವೆಂದು ತಿಳಿಯುವ ಮುನ್ನ ಒಂದು ಪ್ರಯೋಗದ ವಿಷಯ ಕೇಳಬೇಕು. ಎರಡನೇ ಮಹಾಯುದ್ಧದ ಕಾಲ, 1944-45. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರೇ ಒಪ್ಪಿ ಬಂದ ಮೇಲೆ, 24 ವಾರ ಅರೆಹೊಟ್ಟೆಯಲ್ಲಿಟ್ಟರು. ತೂಕ ಸುಮಾರು ಕಾಲುಭಾಗ ಇಳಿಯಿತು. ಮನಸ್ಸಿಗೆ ಗಟ್ಟಿಗರೆಂದು ಪರೀಕ್ಷಿಸಿ ಆರಿಸಿದ್ದ ಆ ಯುವಕರು ಸಿಡುಕರಾದರು, ಮಂಕಾದರು. ಒಂದು ತುತ್ತನ್ನು ಹತ್ತು ಚೂರು ಮಾಡಿ ಗಂಟೆಗಟ್ಟಲೆ ತಿಂದರು. ಹಗಲೆಲ್ಲ ಅಡಿಗೆ ಪುಸ್ತಕ ಓದುತ್ತಾ ಕುಳಿತರು. ಅವರಾರಿಗೂ ಊಟ ಬಿಡುವ ಕಾಯಿಲೆ ಇರಲಿಲ್ಲ. ಅದೆಲ್ಲ ಹಸಿವು ಮಾಡಿದ ಕೆಲಸ. ಪ್ರಯೋಗ ಮುಗಿದ ಮೇಲೆ ಕೊಂಚವೇ ಹೆಚ್ಚು ಊಟ ಕೊಟ್ಟವರು ಚೇತರಿಸಿಕೊಳ್ಳಲಿಲ್ಲ. ಸಾಧಾರಣ ಮನುಷ್ಯ ತಿನ್ನುವುದಕ್ಕಿಂತ ಬಹಳ ಹೆಚ್ಚು, ಬಹಳ ದಿನ ಬೇಕಾಯಿತು. ಬುದ್ಧಿ ಸರಿಯಾದ ಮೇಲೆ ಉಣ್ಣಲಿ ಎಂದು ಕಾಯುವುದು ತಲೆಕೆಳಗಾದ ಕ್ರಮ. ಹೊಟ್ಟೆಗೆ ಬಿದ್ದ ಮೇಲೆಯೇ ಬುದ್ಧಿ ತಿಳಿಯಾಗಲು ಶುರುವಾಗುವುದು.

ಹಾಗಾದರೆ ಉಣ್ಣಿಸುವವರು ಯಾರು? ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂದು 1870ರ ದಶಕದಲ್ಲಿ ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ರೋಗಿಗೆ ಹೊತ್ತುಹೊತ್ತಿಗೆ ಉಣ್ಣಿಸಿ ಎಂದರು. ಅದು ಸರಿ. ಆದರೆ ನಂಟರಿಷ್ಟರಷ್ಟು ಕೆಟ್ಟ ಶುಶ್ರೂಷಕರಿಲ್ಲ ಎಂದೂ ಸೇರಿಸಿದರು. ನೂರು ವರ್ಷ ಆ ಮಾತು ನಡೆಯಿತು. ಎಷ್ಟೋ ತಾಯಂದಿರು ಮಗುವನ್ನು ಕೆಡಿಸಿದವರೆಂಬ ಆಪಾದನೆ ಹೊತ್ತರು. ಅದೇ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯ ವೈದ್ಯರು 1980ರ ದಶಕದಲ್ಲಿ ಇದನ್ನು ತಿರುಗಿಸಿ, ಊಟದ ಉಸ್ತುವಾರಿಯನ್ನು ಹೆತ್ತವರ ಕೈಗೇ ಕೊಟ್ಟು ನೋಡಿದರು. ಕಾಯಿಲೆ ಬಂದು ಬಹಳ ಕಾಲವಾಗದ ಎಳೆಯ ಮಕ್ಕಳಲ್ಲಿ ಒಳ್ಳೆಯ ಫಲ ಸಿಕ್ಕಿತು. ಈಗ ಅನೇಕ ದೇಶಗಳಲ್ಲಿ ಹದಿಹರೆಯದವರಿಗೆ ಮೊದಲು ಕೈಗೊಳ್ಳುವ ಚಿಕಿತ್ಸೆ ಇದೇ. ತಾಯ್ತಂದೆಯರು ಕಾಯಿಲೆಗೆ ಕಾರಣರಲ್ಲ. ಆದರೆ ಅದನ್ನು ಓಡಿಸುವ ಕೆಲಸದಲ್ಲಿ ಅವರಿಲ್ಲದೆ ಆಗದು.

ಕ್ರಮ ಹೇಳುವುದು ಸುಲಭ, ನಡೆಸುವುದು ಕಷ್ಟ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಬಾರಿ ತಿಂಡಿ. ಏನು, ಎಷ್ಟು ಎಂಬುದನ್ನು ವೈದ್ಯರ ಸಲಹೆಯಂತೆ ದೊಡ್ಡವರೇ ತೀರ್ಮಾನಿಸಬೇಕು. ಮಗುವಿನೊಡನೆ ಚೌಕಾಸಿ ಬೇಡ. ಹಾಲಿನ ಡೇರಿಗೆ ಹಾಲು ಹಾಕಿ ಬಂದೊಡನೆ ಬೆಳಗಿನ ಊಟ ಎಂದರೆ ಬೆಳಗಿನ ಊಟವೇ. ಒಬ್ಬರು ಪಕ್ಕದಲ್ಲಿ ಕೂತು ತಾವೂ ಉಣ್ಣಬೇಕು. ವಿಶೇಷ ಪದಾರ್ಥಗಳಿಗಾಗಿ ಪೇಟೆಗೆ ಓಡಬೇಕಾಗಿಲ್ಲ. ಮುದ್ದೆ, ಅವರೆಕಾಳಿನ ಸಾರು, ಮೊಟ್ಟೆ, ತುಪ್ಪ ಹಾಕಿದ ಅನ್ನ, ಗಟ್ಟಿ ಮೊಸರು, ಕಡಲೆಕಾಯಿ ಬೆಲ್ಲ, ಬಾಳೆಹಣ್ಣು, ಹಾಲು ಹಾಕಿದ ರಾಗಿಮಾಲ್ಟು ಸಾಕು. ನೀರುಮಜ್ಜಿಗೆ, ತಿಳಿಸಾರು, ಬರೀ ಸೊಪ್ಪಿನಿಂದ ಹೊಟ್ಟೆ ತುಂಬಿಸಲು ಮಗು ನೋಡುತ್ತದೆ, ಅಲ್ಲಿ ಎಚ್ಚರ. ಊಟವಾದ ಮೇಲೆ ಮುಕ್ಕಾಲು ಗಂಟೆ ಜೊತೆಯಲ್ಲೇ ಇರಿಸಿಕೊಳ್ಳಬೇಕು: ಹೂ ಕಟ್ಟಲಿ, ಪಗಡೆಯಾಡಲಿ, ಟಿ.ವಿ. ನೋಡಲಿ.

ಬೈಯುವುದು, ಅಳುತ್ತಾ ಅಂಗಲಾಚುವುದು, ತಂಗಿಯೊಡನೆ ಹೋಲಿಸುವುದು ಬೇಡ. "ನಿನಗೆ ಕಷ್ಟ ಅಂತ ಗೊತ್ತು ಮಗಳೇ, ಇದೇ ನಿನ್ನ ಔಷಧಿ, ಇನ್ನೊಂದು ತುತ್ತು" ಎಂದು ಮೆಲ್ಲಗೆ ಹೇಳಿ ಕೂತಿದ್ದರೆ ಸಾಕು. ಚೇತರಿಸಿಕೊಂಡ ಹುಡುಗಿಗೆ "ಈಗ ಮೈ ತುಂಬಿಕೊಂಡೆ" ಎಂದು ನಂಟರು ಮೆಚ್ಚಿ ಹೇಳುವ ಮಾತೂ ಅವಳ ಕಿವಿಗೆ ಬೇರೆಯಾಗಿಯೇ ಬೀಳುತ್ತದೆ. ಮೈಯ ಮಾತನ್ನೇ ಎತ್ತದಿರುವುದು ಲೇಸು. ಅಪ್ಪ ತೋಟದಲ್ಲಿ, ಅಜ್ಜಿ ಒಂದು ಮಾತು, ಅಮ್ಮ ಇನ್ನೊಂದು ಮಾತು ಎಂದಾದರೆ ಕಾಯಿಲೆ ಆ ಬಿರುಕಿನಲ್ಲೇ ಬೇರು ಬಿಡುತ್ತದೆ. ತಂದೆಯೂ ದಿನಕ್ಕೆ ಒಂದು ಊಟದ ಹೊಣೆ ಹೊರಬೇಕು.

ಒಂದು ಮುಖ್ಯ ಎಚ್ಚರಿಕೆ. ಹಸಿದ ದನ ಕಣಕ್ಕೆ ನುಗ್ಗಿ ರಾಗಿ ತಿಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಮನುಷ್ಯನಲ್ಲಿ ಕಾರಣ ಬೇರೆಯಾದರೂ ಅಪಾಯ ಅಷ್ಟೇ ದೊಡ್ಡದು. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಊಟ ತುಂಬಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂಗಳು ಜೀವಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ಕೊರತೆಯಾಗುತ್ತದೆ, ಹೃದಯದ ಬಡಿತ ಕೆಡುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಸೆರೆಯಾಳುಗಳಲ್ಲಿ ಕೆಲವರು ಸತ್ತದ್ದು ಹೀಗೆ. ಆದ್ದರಿಂದ ತೀರ ಸೊರಗಿದ ಮಗುವಿಗೆ ಊಟ ಏರಿಸುವ ಕೆಲಸ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆ ಮಾಡಿಸುತ್ತಾ ಆರಂಭವಾಗಬೇಕು. ಪ್ರಜ್ಞೆ ತಪ್ಪುವುದು, ಹಗಲಿನಲ್ಲಿ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿಯುವುದು, ನೀರೂ ಬಿಡುವುದು, ಪದೇ ಪದೇ ವಾಂತಿಯಾಗುವುದು ಕಂಡರೆ ಬೆಳಗಾಗುವವರೆಗೂ ಕಾಯಬಾರದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ಮಕ್ಕಳ ಮನಸ್ಸು ಕೆಲವೊಮ್ಮೆ ಬದುಕೇ ಬೇಡವೆನ್ನುವಷ್ಟು ಕುಗ್ಗಿರುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕ, ಕಳೆನಾಶಕಗಳ ಡಬ್ಬ ಅಡಿಗೆಮನೆಯ ಅಟ್ಟದಲ್ಲಾಗಲಿ ಹಜಾರದ ಮೂಲೆಯಲ್ಲಾಗಲಿ ಇರಕೂಡದು. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ದೊಡ್ಡವರು ಇಟ್ಟುಕೊಳ್ಳಬೇಕು. "ಸಾಯ್ತೀನಿ" ಎಂದು ಮಗು ಹೇಳಿದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕದೆ, ಒಬ್ಬಳನ್ನೇ ಬಿಡದೆ, ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು.

ಎಲ್ಲಿಗೆ ಹೋಗುವುದು? ಚನ್ನಪಟ್ಟಣದ ತಾಲ್ಲೂಕು ಆಸ್ಪತ್ರೆ, ರಾಮನಗರದ ಜಿಲ್ಲಾಸ್ಪತ್ರೆಗಳಲ್ಲಿ ಮೊದಲ ತಪಾಸಣೆಯಾಗಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ; ಚನ್ನಪಟ್ಟಣದಿಂದ ರೈಲಿನಲ್ಲೇ ಬೆಂಗಳೂರು ಸೇರಬಹುದು. ಮನೆಯಿಂದಲೇ ಕೇಳಬೇಕೆಂದರೆ 14416 ಇದೆ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ. ಹಗಲು ರಾತ್ರಿ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು. ಮಗಳಿಗೆ ಮನೋವೈದ್ಯರ ಚೀಟಿ ಇದೆಯೆಂದು ಗೊತ್ತಾದರೆ ನಾಳೆ ಗಂಡು ಸಿಗುವುದಿಲ್ಲ ಎಂಬ ಅಂಜಿಕೆ ಹಲವು ಮನೆಗಳಲ್ಲಿದೆ. ಮುಟ್ಟು ನಿಂತು, ಮೂಳೆ ಸವೆದು, ಎದೆಬಡಿತ ಕುಗ್ಗಿದ ಮೇಲೆ ಆ ಅಂಜಿಕೆಯಿಂದ ಉಳಿಸಿಕೊಳ್ಳುವುದೇನಿದೆ?

ಶಾಲೆಯ ಒಬ್ಬ ಉಪಾಧ್ಯಾಯರಿಗಾದರೂ ವಿಷಯ ತಿಳಿಸಿರಬೇಕು. ಬಿಸಿಯೂಟದ ಹೊತ್ತಿನಲ್ಲಿ ಅವರು ಹತ್ತಿರ ಕೂತರೆ, ಹಾಲು ಕೊಟ್ಟಾಗ ಲೋಟ ಖಾಲಿಯಾಯಿತೇ ಎಂದು ನೋಡಿದರೆ ಅರ್ಧ ಭಾರ ಇಳಿಯುತ್ತದೆ. ತೂಕ ಸಾಕಷ್ಟು ಬರುವವರೆಗೆ ಓಟ, ಆಟದ ಪಂದ್ಯ ಬೇಡ.

ತೂಕ ಬಂದ ದಿನವೇ ಕಾಯಿಲೆ ಹೋಗಿರುವುದಿಲ್ಲ. ತಲೆಯೊಳಗಿನ ಭಯ ಹೋಗಲು ಇನ್ನೂ ಹಲವು ತಿಂಗಳು, ಕೆಲವರಿಗೆ ವರ್ಷಗಳೇ ಬೇಕು. ಆದ್ದರಿಂದ ಊಟದ ಹೊಣೆಯನ್ನು ಮಗುವಿಗೆ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸಬೇಕು: ಮೊದಲು ಸಂಜೆಯ ತಿಂಡಿ, ಅದು ಸರಿಯಾಗಿ ನಡೆದರೆ ಮಧ್ಯಾಹ್ನದ ಊಟ. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಬದಲಾವಣೆಯ ಕಾಲದಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಒಂದು, ಪಿ.ಯು.ಸಿ.ಗೆಂದು ಹಾಸ್ಟೆಲ್ ಸೇರುವುದು ಇನ್ನೊಂದು. ಹಾಸ್ಟೆಲ್ಲಿಗೆ ಕಳಿಸುವ ಮುಂಚೆ ಮನೆಯಲ್ಲಿ ಎರಡು ಮೂರು ತಿಂಗಳಾದರೂ ತಾನಾಗಿಯೇ ಬಡಿಸಿಕೊಂಡು ಉಂಡಿರಬೇಕು. ವಾರ್ಡನ್ನರಿಗೆ ವಿಷಯ ಗೊತ್ತಿರಲಿ, ಶನಿವಾರ ಊರಿಗೆ ಬರುವಷ್ಟು ಹತ್ತಿರದ ಕಾಲೇಜಾಗಿರಲಿ, ತಿಂಗಳಿಗೊಮ್ಮೆ ವೈದ್ಯರ ಬಳಿ ತೂಕ ನೋಡಿಸುವುದು ನಿಲ್ಲದಿರಲಿ. ಎರಡು ತಿಂಗಳು ಸತತವಾಗಿ ತೂಕ ಇಳಿದರೆ ಅವಳನ್ನು ಮನೆಗೆ ಕರೆತಂದು, ಮೊದಲಿನ ಹಾಗೆ ಪಕ್ಕದಲ್ಲಿ ಕೂತು ಬಡಿಸಲು ಆರಂಭಿಸಬೇಕು. ಒಂದು ವರ್ಷದ ಓದು ಹಿಂದೆ ಬಿದ್ದರೆ ಬೀಳಲಿ.